ಎಡೆಬಿಡದ ಪ್ರಾರ್ಥನೆ: ಬಳ್ಳಾರಿ ಸೀಮೆಯ ಕ್ರೈಸ್ತ ಪರಂಪರೆ

ಉತ್ತರ ಬಾರದಿದ್ದರೂ ಕೇಳುವುದನ್ನು ಬಿಡದಿರುವುದು ಕ್ರೈಸ್ತ ಭಕ್ತಿಯ ಹಳೆಯ ರೂಢಿ. ರೋಗ, ಬರ, ಸಾಲ, ಮಕ್ಕಳ ಚಿಂತೆ ಹೀಗೆ ಕೈಮೀರಿದ ಕಷ್ಟದಲ್ಲಿ ಒಬ್ಬರೇ ಕೂತೋ ಸಭೆಯಾಗಿ ಸೇರಿಯೋ ದಿನಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದೇವರಿಗೆ ಮೊರೆಯಿಡುತ್ತಾರೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಈ ರೂಢಿಗೆ ಎರಡು ಶತಮಾನಗಳ ಇತಿಹಾಸವಿದೆ. ಅದನ್ನು ಈ ನೆಲದ ಮಳೆ-ಬರಗಳ ಇತಿಹಾಸದಿಂದ ಬಿಡಿಸಿ ಹೇಳಲಾಗದು.

ಮೂಲ ಬೈಬಲ್ಲಿನಲ್ಲಿದೆ. ಮಕ್ಕಳಿಲ್ಲದ ಹನ್ನಳು ಶೀಲೋವಿನ ಗುಡಿಯಲ್ಲಿ ತುಟಿ ಮಾತ್ರ ಅಲುಗಿಸುತ್ತ ಅಳುತ್ತ ಬೇಡುತ್ತಾಳೆ. ಯಾಜಕನು ಅವಳು ಕುಡಿದಿದ್ದಾಳೆಂದು ಬಗೆಯುತ್ತಾನೆ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯದ ನಾಯಕಿ ಒಬ್ಬ ವಿಧವೆ. ದೇವರಿಗೂ ಜನರಿಗೂ ಅಂಜದ ನ್ಯಾಯಾಧೀಶನ ಬಳಿಗೆ ಅವಳು ಮತ್ತೆ ಮತ್ತೆ ಹೋಗುತ್ತಾಳೆ, ಕೊನೆಗೆ ಅವನೇ ಮಣಿಯುತ್ತಾನೆ. ಬಳ್ಳಾರಿಯಂಥ ಬೆಂಗಾಡಿಗೆ ಹೆಚ್ಚು ಹತ್ತಿರವಾಗುವುದು ಎಲೀಯನ ಕಥೆ. ಮೂರೂವರೆ ವರ್ಷ ಮಳೆಯಿಲ್ಲದ ನಾಡಿನಲ್ಲಿ ಅವನು ಕರ್ಮೆಲ್ ಬೆಟ್ಟದ ಮೇಲೆ ಮೊಣಕಾಲಿನ ನಡುವೆ ತಲೆಯಿಟ್ಟು ಕೂತಿರುತ್ತಾನೆ. ಸಮುದ್ರದ ಕಡೆ ನೋಡಿ ಬಾ ಎಂದು ಆಳನ್ನು ಅಟ್ಟುತ್ತಾನೆ. ಆರು ಸಲವೂ ಆಳು ಏನೂ ಇಲ್ಲವೆಂದೇ ಹೇಳುತ್ತಾನೆ. ಏಳನೆಯ ಸಲ ಅಂಗೈಯಷ್ಟು ಮೋಡ ಕಾಣುತ್ತದೆ. ಕೇಳಿದ್ದೆಲ್ಲ ಸಿಗುತ್ತದೆಂದು ಮಾತ್ರ ಈ ಗ್ರಂಥ ಹೇಳುವುದಿಲ್ಲ: ಪೌಲನು ತನ್ನ ದೇಹದ ಬಾಧೆ ನೀಗಲೆಂದು ಮೂರು ಸಲ ಬೇಡಿದರೂ ಅದು ನೀಗಲಿಲ್ಲ, ಗೆತ್ಸೇಮನೆ ತೋಟದಲ್ಲಿ ಯೇಸು ಬೇಡಿದ ನಂತರವೂ ಶಿಲುಬೆ ತಪ್ಪಲಿಲ್ಲ.

ದೇವರಿಗೆ ಎಲ್ಲವೂ ತಿಳಿದಿರುವಾಗ ಕೇಳುವುದೇಕೆ ಎಂಬ ಪ್ರಶ್ನೆಗೆ ಸಂತ ಅಗಸ್ಟೀನ್ ಐದನೆಯ ಶತಮಾನದ ಆರಂಭದಲ್ಲಿ ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ಉತ್ತರ ಕೊಟ್ಟಿದ್ದಾನೆ. ಬೇಡುವುದರಿಂದ ದೇವರಿಗೆ ಹೊಸ ಸುದ್ದಿ ಮುಟ್ಟುವುದಿಲ್ಲ. ಅವನು ಕೊಡಲಿರುವುದನ್ನು ಹಿಡಿಸಿಕೊಳ್ಳುವಷ್ಟು ನಮ್ಮ ಹಂಬಲ ಹಿಗ್ಗುತ್ತದೆ ಎಂಬುದು ಅವನ ವಿವರಣೆ. ಇದು ಪಂಡಿತನ ಮಾತಷ್ಟೇ ಅಲ್ಲ. ದಾರಿ ತಪ್ಪಿದ್ದ ಅವನಿಗಾಗಿ ತಾಯಿ ಮೋನಿಕಾ ವರ್ಷಾನುಗಟ್ಟಲೆ ಕಣ್ಣೀರಿಟ್ಟು ಬೇಡಿದ್ದಳು. 387ರಲ್ಲಿ ಮಿಲಾನ್‌ನಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು.

ಬಳ್ಳಾರಿಗೆ ಪ್ರೊಟೆಸ್ಟಂಟ್ ಮಿಷನ್ ಬಂದದ್ದು 1810ರಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಶ್ರೀರಂಗಪಟ್ಟಣಕ್ಕೆ ಹೋಗಬೇಕಿದ್ದವನು, ಅನುಮತಿ ಸಿಗದೆ ಈ ದಂಡಿನ ಊರಿನಲ್ಲಿ ನೆಲೆಯೂರಿದ. ತಿಂಗಳ ಮೊದಲ ಸೋಮವಾರ ಸೇರಿ ಪ್ರಾರ್ಥಿಸುವ ಪದ್ಧತಿ ಆ ಕಾಲದ ಇಂಗ್ಲಿಷ್ ಮಿಷನ್ ಸಂಘಗಳಲ್ಲಿ ಬೇರೂರಿತ್ತು. ಸಭೆ ಬೆಳೆದದ್ದು ಬಹಳ ನಿಧಾನವಾಗಿ; ತಾಳ್ಮೆಯೆಲ್ಲ ಭಾಷೆಯ ಕೆಲಸಕ್ಕೆ ಹೋಯಿತು. ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ವರ್ಷಗಟ್ಟಲೆ ಪಟ್ಟುಹಿಡಿದು ದುಡಿದು 1831ರ ವೇಳೆಗೆ ಇಡೀ ಬೈಬಲನ್ನು ಕನ್ನಡದಲ್ಲಿ ಹೊರತಂದರು. ಹನ್ನಳೂ ವಿಧವೆಯೂ ಎಲೀಯನೂ ಕನ್ನಡದಲ್ಲಿ ಮಾತಾಡತೊಡಗಿದ್ದು ಹೀಗೆ, ಅದಕ್ಕೆ ಬಳ್ಳಾರಿಯೇ ಕಾರಣ. ಈ ಊರಿನ ಕ್ರೈಸ್ತ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕಾಣಿಕೆ ಇನ್ನೊಂದಿಲ್ಲ. 1846ರಲ್ಲಿ ಆರಂಭವಾದ ವಾರ್ಡ್ಲಾ ಶಾಲೆಯೂ ಅದೇ ಮಿಷನ್ನಿನದು.

ನಂಬಿಕೆಯ ನಿಜವಾದ ಪರೀಕ್ಷೆ ನಡೆದದ್ದು 1876–78ರ ಮಹಾಕ್ಷಾಮದಲ್ಲಿ. ಜನರ ಬಾಯಲ್ಲಿ ಅದು ಧಾತು-ಈಶ್ವರ ಸಂವತ್ಸರಗಳ ಬರ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಕರಿ ಎರೆಯ ಹೊಲಗಳು ಬಾಯಿಬಿಟ್ಟವು. ದನಕರು ಮೊದಲು ಸತ್ತವು, ಆಮೇಲೆ ಕೂಲಿಕಾರರು. ಬರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ 1877ರ ಆರಂಭದಲ್ಲಿ ಸರ್ಕಾರ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ. ಹಸಿದವನನ್ನು ದುಡಿಸಿ ಇಷ್ಟು ಕೊಟ್ಟದ್ದು ಕ್ರೌರ್ಯವೆಂದೇ ಹೇಳಬೇಕು. 1881ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಬಹಳ ಇಳಿದಿತ್ತು. ಗಂಜಿ ಹಂಚುವುದು, ತಬ್ಬಲಿ ಮಕ್ಕಳನ್ನು ಸಾಕುವುದು ಮಿಷನ್‌ಗಳ ನಿತ್ಯದ ಕೆಲಸವಾಯಿತು. ಮೊರೆಯಿಡುವ ಸಭೆಯೇ ಗಂಜಿಯನ್ನೂ ಕಾಯಿಸಬೇಕಾದ ಕಾಲ ಅದು.

ಗಂಜಿಯಾಸೆಗೆ ಮತಾಂತರವಾದರೆಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಅದನ್ನು ತಳ್ಳಿಹಾಕುವ ಬದಲು ನೆರೆಯ ತೆಲುಗು ಸೀಮೆಯ ಒಂದು ನಿದರ್ಶನ ನೋಡಬಹುದು. 1854ರ ಹೊಸವರ್ಷದ ಮುಂಜಾವಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಲೈಮನ್ ಜ್ಯುವೆಟ್, ಅವರ ಪತ್ನಿ ಮತ್ತು ಕೆಲವು ತೆಲುಗು ಕ್ರೈಸ್ತರು ಓಂಗೋಲಿನ ಗುಡ್ಡವೊಂದನ್ನು ಹತ್ತಿ, ಈ ಊರಿಗೊಬ್ಬ ಸೇವಕನನ್ನು ಕಳಿಸು ಎಂದು ಬೇಡಿದರು. ಜಾನ್ ಕ್ಲೌ ಅಲ್ಲಿಗೆ ಬಂದದ್ದು 1866ರಲ್ಲಿ, ಹನ್ನೆರಡು ವರ್ಷಗಳ ಮೇಲೆ. ಕ್ಷಾಮದಲ್ಲಿ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟರು. ಆದರೆ ಕೂಲಿ ಕೊಡುತ್ತಿದ್ದಷ್ಟು ಕಾಲ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. ಅವರಲ್ಲಿ ಬಹುಪಾಲು ಊರಾಚೆಯ ಕೇರಿಗಳವರು. ಅವರು ಹುಡುಕುತ್ತಿದ್ದುದು ಅನ್ನದ ಜೊತೆಗೆ ಮಾನವನ್ನೂ.

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಕೂಡ 1870ರ ದಶಕದ ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು. ಮುಂದೆ ಪುಣೆ ಬಳಿಯ ಕೇಡ್‌ಗಾಂವ್‌ನಲ್ಲಿ ಕ್ಷಾಮಪೀಡಿತ ಹೆಣ್ಣುಮಕ್ಕಳಿಗೆ ಅವರು ಕಟ್ಟಿದ ಮುಕ್ತಿ ಸದನದಲ್ಲಿ, ನಿತ್ಯ ಸೇರುತ್ತಿದ್ದ ಪ್ರಾರ್ಥನಾ ಗುಂಪುಗಳಿಂದ 1905ರಲ್ಲಿ ದೊಡ್ಡ ಉಜ್ಜೀವನ ಮೊದಲಾಯಿತು. ಭಾರತದ ಪೆಂಟೆಕೋಸ್ಟಲ್ ಇತಿಹಾಸ ಬರೆಯುವ ಹಲವರು ಅಲ್ಲಿಂದಲೇ ಆರಂಭಿಸುತ್ತಾರೆ.

ಕಥೊಲಿಕರ ಬಳ್ಳಾರಿ ಧರ್ಮಕ್ಷೇತ್ರ 1949ರಲ್ಲಿ ಸ್ಥಾಪನೆಯಾಯಿತು. ಅವರಲ್ಲಿ ಹಟದ ಮೊರೆಗೆ ಗೊತ್ತಾದ ಲೆಕ್ಕವುಂಟು: ಒಂಬತ್ತು ದಿನದ ನೊವೇನ, ಸಂತ ಅಂತೋಣಿಯವರ ಮಂಗಳವಾರಗಳು, ಸೆಪ್ಟೆಂಬರ್ 8ಕ್ಕೆ ಮುಗಿಯುವ ಮಾತೆ ಮರಿಯಳ ಹಬ್ಬದ ಪ್ರಾರ್ಥನೆ, ಜಪಸರ. ಬೇಡುವವನ ಮನಸ್ಸು ಸೋತ ದಿನವೂ ಮಣಿಗಳು ಬೆರಳನ್ನು ಮುಂದೆ ಸಾಗಿಸುತ್ತವೆ.

ಸಿರುಗುಪ್ಪ, ಕುರುಗೋಡು ಕಡೆ ಇಂದು ಹೆಚ್ಚು ಕಾಣುವುದು ಉಪವಾಸ ಪ್ರಾರ್ಥನೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಇಲ್ಲಿ ಭತ್ತದ ಸಿರಿ ಬಂತು, ಅದರ ಬೆನ್ನಿಗೇ ಗೊಬ್ಬರ-ಬೀಜದ ಸಾಲವೂ ಬಂತು. ಕೂಟದಲ್ಲಿ ಚಾಪೆ ಹಾಸಿರುತ್ತದೆ. ಹೆಂಗಸರು ತಲೆಮೇಲೆ ಸೆರಗು ಎಳೆದುಕೊಂಡು ಒಂದು ಕಡೆ, ಗಂಡಸರು ಇನ್ನೊಂದು ಕಡೆ. ಗಡಿಯ ಊರುಗಳಾದ್ದರಿಂದ ಒಂದು ಹಾಡು ಕನ್ನಡದ್ದಾದರೆ ಮುಂದಿನದು ತೆಲುಗಿನದು. ಆಮೇಲೆ ಒಬ್ಬೊಬ್ಬರೇ ವಿಜ್ಞಾಪನೆ ಹೇಳುತ್ತಾರೆ: ಮೆಣಸಿನಕಾಯಿಗೆ ರೋಗ ಬಿದ್ದಿದೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮಗನಿಗೆ ಕೆಲಸವಿಲ್ಲ, ಗಂಡ ಕುಡಿತ ಬಿಟ್ಟಿಲ್ಲ. ಎಲ್ಲರೂ ಒಟ್ಟಿಗೆ ದನಿಯೆತ್ತಿ ಬೇಡುತ್ತಾರೆ. ಹೋದ ವಾರ ಬೇಡಿದ್ದು ಈಡೇರಿದವರು ಎದ್ದು ಸಾಕ್ಷಿ ಹೇಳುತ್ತಾರೆ. ಈಡೇರದವರು ಮುಂದಿನ ವಾರವೂ ಬರುತ್ತಾರೆ. ಈ ಪರಂಪರೆಯನ್ನು ಹೊತ್ತು ನಡೆಸಿದವರು ಅವರೇ ಎಂಬುದು ಈ ಲೇಖಕನ ಅಭಿಪ್ರಾಯ.

ವಿವಾದವೂ ಇದೆ. ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುತ್ತದೆ, ಮಾತ್ರೆ ಬೇಡ ಎನ್ನುವ ಬೋಧಕರಿಂದ ಸಕ್ಕರೆ ಕಾಯಿಲೆ, ಕ್ಷಯದ ರೋಗಿಗಳಿಗೆ ಪ್ರಾಣಾಪಾಯವಾಗಬಲ್ಲದು. ಫಲ ಸಿಗದಿದ್ದರೆ ನಿನ್ನ ನಂಬಿಕೆ ಸಾಲದು ಎಂದು ನೊಂದವರ ಮೇಲೆಯೇ ತಪ್ಪು ಹೊರಿಸುವುದು ಇನ್ನೂ ಕೆಟ್ಟದ್ದು. ಪೌಲನ ಅನುಭವಕ್ಕೂ ಅದು ವಿರುದ್ಧ. ಕಥೊಲಿಕ ಬೈಬಲ್ಲಿನಲ್ಲಿರುವ ಸೀರಾಕನ ಗ್ರಂಥದ 38ನೆಯ ಅಧ್ಯಾಯ ರೋಗಿಗೆ ಎರಡನ್ನೂ ವಿಧಿಸುತ್ತದೆ: ದೇವರನ್ನು ಬೇಡಿಕೊಳ್ಳಬೇಕು, ವೈದ್ಯನಿಗೂ ಅವನ ಸ್ಥಾನವನ್ನು ಬಿಟ್ಟುಕೊಡಬೇಕು.