ಅತಿಥಿಗೆ ಹೊಣೆ ಯಾರು? ಮಂಗಳೂರಿನ ಆತಿಥ್ಯದ ಚರಿತ್ರೆ: ಬಂದರಿನಿಂದ ಹೋಟೆಲಿನವರೆಗೆ

ಐಷಾರಾಮಿ ಪ್ರವಾಸದ ಚರಿತ್ರೆಯನ್ನು ಸಾಮಾನ್ಯವಾಗಿ ಕಟ್ಟಡಗಳನ್ನು ಮುಂದಿಟ್ಟು ಬರೆಯುತ್ತಾರೆ. ಯಾವ ಅರಮನೆ ಯಾವಾಗ ಹೋಟೆಲಾಯಿತು, ಎಷ್ಟು ಕೋಣೆಗಳು, ಎಷ್ಟು ನಕ್ಷತ್ರ ಎಂಬ ಲೆಕ್ಕ ಅದು. ಮಂಗಳೂರಿಗೆ ಈ ಅಳತೆಗೋಲು ಒಗ್ಗುವುದಿಲ್ಲ. ವೈಸರಾಯ್‌ಗೆಂದು 1921ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಲಲಿತಮಹಲಿನಂಥ ಸೌಧ ಇಲ್ಲಿಲ್ಲ. ಆದರೆ ದೂರದೇಶದವರು ಬಂದು ಇಳಿದ, ಉಂಡ, ವರ್ಷಗಟ್ಟಲೆ ನೆಲೆಸಿದ ದಾಖಲೆ ಒಂಬತ್ತು ಶತಮಾನದಷ್ಟು ಹಳೆಯದು. ಆ ದಾಖಲೆಗಳನ್ನು ಸಾಲಾಗಿ ಇಟ್ಟು ಓದಿದರೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಬಂದವನ ಜೀವ, ಸರಕು, ಊಟಕ್ಕೆ ಹೊಣೆ ಯಾರು? ಈ ಊರಿನ ಆತಿಥ್ಯ ಬೆಳೆದದ್ದು ಆ ಹೊಣೆ ಕೈಯಿಂದ ಕೈಗೆ ದಾಟಿದ ಬಗೆಯಲ್ಲಿ ಎಂಬುದು ಈ ಲೇಖನದ ವಾದ.

1. ಬಂದರಿನ ಹೊಣೆ

ಟ್ಯುನೀಶಿಯ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಅವನು ಇಲ್ಲಿಂದ ಹಿಂದಿರುಗಿದ್ದು 1149ರಲ್ಲಿ. ಕೈರೋದ ಗೆನಿಜಾದಲ್ಲಿ, ಅಂದರೆ ಯೆಹೂದಿ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ಉಗ್ರಾಣದಲ್ಲಿ, ಉಳಿದು ಬಂದ ಅವನ ವ್ಯವಹಾರದಲ್ಲಿ ಏಡನ್‌ನ ಗೆಳೆಯರು ಹಡಗಿನಲ್ಲಿ ಕಳಿಸಿದ ಕಾಗದ, ಸಕ್ಕರೆ, ಒಣದ್ರಾಕ್ಷಿಗಳ ಉಲ್ಲೇಖವಿದೆ. ಬೇಕಾದ ಸುಖವಸ್ತುವನ್ನು ಪರದೇಶಿ ತಾನೇ ತರಿಸಿಕೊಳ್ಳಬಲ್ಲವನಾಗಿದ್ದ. ಊರು ಅವನಿಗೆ ಕೊಟ್ಟದ್ದು ನಿರ್ಭಯವಾಗಿ ಬಾಳುವ, ವ್ಯಾಪಾರ ಮಾಡುವ ಅವಕಾಶ.

ಅಂಥ ನಿರ್ಭಯಕ್ಕೆ ಯಾವ ಬೆಲೆ ಇತ್ತೆಂಬುದು ಪ್ರವಾಸಿ ಇಬ್ನ್ ಬತೂತನ ಬರವಣಿಗೆಯಲ್ಲಿ ಸ್ಪಷ್ಟವಾಗುತ್ತದೆ. ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಅವನು ಸುಮಾರು 1342ರಲ್ಲಿ ಈ ಕರಾವಳಿಗೆ ಬಂದ. ಬಾರಕೂರಿನಲ್ಲಿ ಅರಸನ ಮಗ ಒತ್ತೆಯಾಗಿ ಹಡಗು ಹತ್ತಿದ ಮೇಲೆಯೇ ಅವನೂ ಅವನ ಸಂಗಡಿಗರೂ ದಡಕ್ಕಿಳಿದದ್ದು. ಮಂಗಳೂರಿನಲ್ಲಿ ಖಾಜಿಯೇ ಹಡಗಿಗೆ ಬಂದು ಊರಿಗೆ ಕರೆದ. ಇವರು ಮತ್ತೆ ಅದೇ ಷರತ್ತು ಹಾಕಿದರು. ಇಲ್ಲಿ ನಮ್ಮವರು ಬಲವಾಗಿದ್ದಾರೆ, ಅರಸ ನಮಗೆ ಅಂಜುತ್ತಾನೆ, ಒತ್ತೆಯ ಅಗತ್ಯವಿಲ್ಲ ಎಂದು ಖಾಜಿ ವಾದಿಸಿದರೂ ಇವರು ಜಗ್ಗಲಿಲ್ಲ. ಅರಸ ಮಗನನ್ನು ಕಳಿಸಿದ. ಆಮೇಲೆ ಮೂರು ದಿನ ಸತ್ಕಾರ ನಡೆಯಿತು. ಫಾರ್ಸ್ ಮತ್ತು ಯೆಮೆನ್ ವರ್ತಕರು ಇಳಿಯುತ್ತಿದ್ದ ಈ ಊರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ, ಅವರಿಗೂ ಊರವರಿಗೂ ಜಗಳವಾದಾಗ ವರ್ತಕರು ಬೇಕೆಂಬ ಕಾರಣಕ್ಕೆ ಅರಸನೇ ರಾಜಿ ಮಾಡಿಸುತ್ತಿದ್ದನೆಂದೂ ಅವನು ಬರೆದಿದ್ದಾನೆ. ಮೆಣಸು, ಶುಂಠಿಯ ವ್ಯಾಪಾರ ನಡೆಯಬೇಕಾದರೆ ಪರದೇಶಿ ಸುರಕ್ಷಿತನಾಗಿರಬೇಕು. ಔದಾರ್ಯದ ಜತೆಗೆ ಸುಂಕದ ಲೆಕ್ಕವೂ ಆ ಸತ್ಕಾರದಲ್ಲಿ ಸೇರಿತ್ತು.

2. ಎಲೆಯ ಮರ್ಯಾದೆ, ಎಲೆಯ ಗೆರೆ

ಇದೇ ಕರಾವಳಿಯ ಹೊನ್ನಾವರದಲ್ಲಿ ಬತೂತ ಉಂಡ ಊಟದ ವಿವರ ಇಂದಿನ ಓದುಗನಿಗೂ ಬಾಯಲ್ಲಿ ನೀರೂರಿಸುತ್ತದೆ. ತಾಮ್ರದ ತಟ್ಟೆಗೆ ಮೊದಲು ಒಂದು ಸೌಟು ಅನ್ನ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಗೊಂಚಲು ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಅನ್ನ ಮುಗಿದರೆ ಮತ್ತೆ ಅನ್ನ, ಜತೆಗೆ ಕೋಳಿ, ಆಮೇಲೆ ಮೀನು, ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು. ಕುಡಿಯಲು ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗದು. ಯಾವುದರ ಹಿಂದೆ ಯಾವುದು ಬರಬೇಕೆಂಬ ಬಡಿಸುವ ಕ್ರಮ ಆಗಲೇ ಗಟ್ಟಿಯಾಗಿತ್ತು.

ಆದರೆ ಅವನೇ ಇನ್ನೊಂದು ಮಗ್ಗುಲನ್ನೂ ಕಂಡಿದ್ದಾನೆ. ದಾರಿಯುದ್ದಕ್ಕೂ ಅರ್ಧ ಮೈಲಿಗೊಂದು ಮರದ ತಂಗುಮನೆ, ಕೂರಲು ಜಗಲಿ, ಬಾವಿ, ನೀರು ಕೊಡಲು ಒಬ್ಬ ಆಳು. ಬಂದವನು ಆಳಿನ ಧರ್ಮದವನಾದರೆ ಪಾತ್ರೆಯಲ್ಲಿ ನೀರು, ಮುಸ್ಲಿಮನಾದರೆ ಬೊಗಸೆಗೆ. ಬಾಯಾರಿಕೆ ತೀರಿಸುವುದರಲ್ಲಿ ತಾರತಮ್ಯವಿಲ್ಲ, ತೀರಿಸುವ ರೀತಿಯಲ್ಲಿ ಇದೆ.

1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯ ಪತ್ರಗಳಲ್ಲೂ ಈ ಎರಡು ಮುಖ ಕಾಣುತ್ತವೆ. ಉಳ್ಳಾಲದ ರಾಣಿಯನ್ನು ಅವನು ಮಳಲಿ ಸಮೀಪದ ಮಣೇಲಿನಲ್ಲಿ ಭೇಟಿಯಾದ. ಬರಿಗಾಲಲ್ಲಿ ನಡೆಯುತ್ತ, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಿಕೊಳ್ಳುತ್ತಿದ್ದ ಅರಸಿ ದಾರಿಯಲ್ಲೇ ನಿಂತು ಪರದೇಶಿಯನ್ನು ವಿಚಾರಿಸಿಕೊಂಡಳು. ಅರಸುಮನೆಯಲ್ಲಿ ಅವನಿಗೆ ಎಲೆಯೂಟವೂ ಆಯಿತು. ಆದರೆ ಅನ್ಯಕುಲದವನ ಪಂಕ್ತಿಯಲ್ಲಿ ಕೂರುವ ಪದ್ಧತಿ ಅರಸುಮನೆಗಿರಲಿಲ್ಲ. ಬೆಲ್ಲ, ನೀರು, ವೀಳ್ಯ ಕೊಟ್ಟು ಬರಮಾಡಿಕೊಳ್ಳುವ ತುಳುನಾಡಿನ ಮರ್ಯಾದೆಗೂ ಬಹುಕಾಲ ಇಂಥದೇ ಒಂದು ಗೆರೆಯಿತ್ತು. ಚಾವಡಿಯವರೆಗೆ ಬರಬಲ್ಲವನು, ಅಂಗಳದಲ್ಲೇ ನಿಲ್ಲಬೇಕಾದವನು ಎಂಬ ಭೇದ ಅದು.

3. ಊರು ಬಿಟ್ಟ ಆತಿಥೇಯರು

ವಸಾಹತು ಕಾಲದಲ್ಲಿ ಪ್ರಯಾಣದ ದಾರಿಗಳು ಬದಲಾದವು. ಶೋರನೂರು ಕಡೆಯಿಂದ ಬಂದ ರೈಲು 1907ರಲ್ಲಿ ಮಂಗಳೂರು ಮುಟ್ಟಿತು. ಸಾಹೇಬರಿಗೆ ಟ್ರಾವೆಲರ್ಸ್ ಬಂಗಲೆ, ಯಾತ್ರಿಕರಿಗೆ ಛತ್ರ ಮತ್ತು ಮಠ, ಉಳಿದವರಿಗೆ ನೆಂಟರ ಮನೆ. ಈ ಹೊತ್ತಿನಿಂದ ದಕ್ಷಿಣ ಕನ್ನಡ ಅತಿಥಿಗಳನ್ನು ಬರಮಾಡಿಕೊಂಡದ್ದಕ್ಕಿಂತ ಹೆಚ್ಚಾಗಿ ಆತಿಥೇಯರನ್ನು ಹೊರಗೆ ಕಳಿಸಿತು. 1923ರ ನೆರೆ, ಕೈಗೆ ಸಾಲದ ಗೇಣಿ, 1974ರ ಭೂಸುಧಾರಣೆ ಒಂದೊಂದು ಪೀಳಿಗೆಯನ್ನು ಮುಂಬಯಿ, ಮದರಾಸು, ಬೆಂಗಳೂರುಗಳ ಅಡುಗೆಮನೆಗೆ ಕಳಿಸಿದವು.

ಕಡಂದಲೆಯ ಕೃಷ್ಣರಾಯರ ಬದುಕು ಇದಕ್ಕೆ ಒಳ್ಳೆಯ ನಿದರ್ಶನ. ಮಠದ ಅಡುಗೆಮನೆಯ ಚಾಕರಿಯಿಂದ ಹೊರಟು ಮದರಾಸು ಸೇರಿ, 1930ರ ದಶಕದ ಕೊನೆಗೆ ರಾಯಪೇಟೆಯ ಜಮೀನ್ದಾರಿ ಬಂಗಲೆಯೊಂದರಲ್ಲಿ ಅವರು ವುಡ್‌ಲ್ಯಾಂಡ್ಸ್ ತೆರೆದರು. ಬಿಸಿ ಇಡ್ಲಿ, ಶುಚಿಯಾದ ಕೋಣೆ, ಮಿತವಾದ ದರ: ರಾಜಮನೆತನದ ಬಂಗಲೆಯೊಳಗೆ ಮಧ್ಯಮವರ್ಗದ ಕುಟುಂಬಕ್ಕೂ ಜಾಗ ಸಿಕ್ಕಿತು. ಇತ್ತ ಮುಂಬಯಿಯಲ್ಲಿ ಹಗಲು ಲೋಟ ತೊಳೆದ ಮಾಣಿಗಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವಷ್ಟು ಬೆಳೆದರು.

ಹೊಣೆ ಈಗ ಅರಸನಿಂದ, ಕುಲದಿಂದ ಹೋಟೆಲಿನ ಮಾಲೀಕನಿಗೆ ಬಂತು. ಆದರೆ ಎಲೆಯ ಗೆರೆ ತಾನಾಗಿ ಅಳಿಯಲಿಲ್ಲ. ಮದರಾಸು ಪ್ರಾಂತ್ಯದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದೇ ಬೇರೆ ಊಟದ ಜಾಗವಿಟ್ಟದ್ದರ ವಿರುದ್ಧ ಚಳವಳಿಯೇ ನಡೆಯಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಜತೆಗೆ ಬಾವಿ, ಕೆರೆ, ರಸ್ತೆಗಳನ್ನೂ ಹೆಸರಿಸಿ ತಾರತಮ್ಯವನ್ನು ನಿಷೇಧಿಸಿತು. ಆತಿಥ್ಯದ ಚರಿತ್ರೆಯಲ್ಲಿ ಇದಕ್ಕೆ ಯಾವ ಪಂಚತಾರಾ ಉದ್ಘಾಟನೆಯೂ ಸಮನಲ್ಲ.

4. ಇಂದಿನ ಐಷಾರಾಮ

1951ರಲ್ಲಿ ಬಜಪೆ ವಿಮಾನ ನಿಲ್ದಾಣ, ಎಪ್ಪತ್ತರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರು, ಆಮೇಲೆ ಹಳೆಬಂದರು ರಸ್ತೆಯ ತಾಜ್ ಮಂಜರೂನ್: ಹೀಗೆ ಆಧುನಿಕ ಸೌಕರ್ಯ ಹಂತಹಂತವಾಗಿ ಬಂತು. ಇಂದು ಪಣಂಬೂರಿಗೆ ಬರುವ ವಿಲಾಸಿ ಹಡಗಿನ ಪ್ರವಾಸಿಗೆ ಊರಿನ ಕೋಣೆಯೇ ಬೇಡ. ಬೆಳಿಗ್ಗೆ ಇಳಿದು ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳು, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾನೆ. ಅವನಿಗೆ ಮಂಗಳೂರು ಎಂದರೆ ಟ್ಯಾಕ್ಸಿ ಚಾಲಕ, ಗೈಡ್, ಎಳನೀರು ಕೆತ್ತಿಕೊಡುವವ. ವಿಮೆ ಮತ್ತು ಬುಕಿಂಗ್ ಹೊರಲಾರದ ಹೊಣೆ ಇವರ ಹೆಗಲಿಗೆ ಬೀಳುತ್ತದೆ.

ಆದ್ದರಿಂದ ಈ ಚರಿತ್ರೆಯ ಆಕರಗಳನ್ನು ಹುಡುಕುವವರು ಹೋಟೆಲಿನ ಸ್ವಾಗತಕಟ್ಟೆಯನ್ನು ದಾಟಿ ಹೋಗಬೇಕು. ಬೋರ್ಡಿಂಗ್‌ಗಳ ಸಂಬಳದ ಪುಸ್ತಕ, ರಾತ್ರಿಶಾಲೆಗಳ ಹಾಜರಿ, ಊರಿಗೆ ಬರುತ್ತಿದ್ದ ಮನಿಆರ್ಡರ್ ಚೀಟಿಗಳು ಇನ್ನೂ ಅಲ್ಲಲ್ಲಿ ಮನೆಗಳ ಪೆಟ್ಟಿಗೆಯಲ್ಲಿವೆ. ಅತಿಥಿಗಳು ತಾವು ಕಂಡದ್ದನ್ನು ಬರೆದಿಟ್ಟಿದ್ದಾರೆ. ಬಡಿಸಿದವರ ಕಡೆಯ ಲೆಕ್ಕ ಸೇರದೆ ಮಂಗಳೂರಿನ ಆತಿಥ್ಯದ ಚರಿತ್ರೆ ಪೂರ್ಣವಾಗದು.