ಹಳೆಯ ಬಡಾವಣೆಗಳ ಬಯಲು ಜಾಗ: ಸಂರಕ್ಷಣೆಯ ಯೋಜನೆಯಲ್ಲಿ ನಿವಾಸಿಗಳ ಪಾತ್ರ

ನಗರದ ಅಂಚಿನಲ್ಲಿ ತಲೆಯೆತ್ತುವ ಹೊಸ ಬಡಾವಣೆಗೆ ನಕ್ಷೆಯಲ್ಲೇ ಉದ್ಯಾನವನ್ನು ಗುರುತಿಸಬಹುದು. ಹಳೆಯ ಬಡಾವಣೆಗೆ ಆ ಅನುಕೂಲವಿಲ್ಲ. 1898ರ ಪ್ಲೇಗ್ ಹಾವಳಿಯ ಆಸುಪಾಸಿನಲ್ಲಿ ರೂಪುಗೊಂಡ ಬೆಂಗಳೂರಿನ ಮಲ್ಲೇಶ್ವರ ಮತ್ತು ಬಸವನಗುಡಿ, 1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರ ಮೊದಲಾದ ಕಡೆ ಉಳಿದಿರುವ ಬಯಲು ಜಾಗವೇ ಕೊನೆಯ ಜಾಗ. ಒಮ್ಮೆ ಅದರ ಮೇಲೆ ಕಟ್ಟಡ ಎದ್ದರೆ ಮರಳಿ ಪಡೆಯುವುದು ಅಸಾಧ್ಯವೆಂದೇ ಹೇಳಬೇಕು. ಆದ್ದರಿಂದ ಇಲ್ಲಿ ಭೂ ಸಂರಕ್ಷಣೆಯೆಂದರೆ ಮೊದಲು ಇರುವುದರ ಲೆಕ್ಕ, ಆನಂತರ ಅದರ ಕಾವಲು. ಈ ಎರಡೂ ಕೆಲಸಗಳು ನಿವಾಸಿಗಳನ್ನು ಬಿಟ್ಟು ನಡೆಯುವಂಥವಲ್ಲ.

ಲೆಕ್ಕಕ್ಕೆ ಬರಬೇಕಾದ ಜಾಗಗಳು ಉದ್ಯಾನ ಮತ್ತು ಆಟದ ಮೈದಾನಗಳಷ್ಟೇ ಅಲ್ಲ. ಕೆರೆಯಂಗಳ, ರಾಜಕಾಲುವೆಯ ಅಂಚು, ನಾಗರಿಕ ಸೌಲಭ್ಯಕ್ಕೆಂದು ಮೀಸಲಾದ ನಿವೇಶನ, ಮೂಲೆಯಲ್ಲಿ ಉಳಿದ ತುಂಡು ಭೂಮಿ ಇವೆಲ್ಲವೂ ಸೇರುತ್ತವೆ. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಒಳಚರಂಡಿ ಬರುವ ಮುನ್ನ ಮಲ ಸಾಗಿಸಲು ಬಿಟ್ಟ ದಾರಿಗಳಿವು. ಅವುಗಳ ಮೂಲ ಉದ್ದೇಶ ಎಂದೋ ಮುಗಿದಿದೆ. ಭೂಮಿ ಮಾತ್ರ ಸಾರ್ವಜನಿಕರದ್ದಾಗಿಯೇ ಉಳಿದಿದೆ. ಇಂಥ ಗಲ್ಲಿ ಎಲ್ಲಿ ಮುಚ್ಚಿಹೋಗಿದೆ, ಯಾವ ಮನೆಯ ಗೋಡೆ ಎಷ್ಟು ಮುಂದೆ ಸರಿದಿದೆ ಎಂಬುದನ್ನು ಕಚೇರಿಯ ಕಡತಕ್ಕಿಂತ ಅದೇ ಬೀದಿಯ ಹಿರಿಯರು ಚೆನ್ನಾಗಿ ಬಲ್ಲರು.

ನಿವಾಸಿಗಳಿಗೆ ಈ ವಿಷಯದಲ್ಲಿ ಮಾತನಾಡುವ ಹಕ್ಕಿದೆಯೇ? ಈ ಪ್ರಶ್ನೆಗೆ ಉತ್ತರ ದೊರೆತದ್ದೂ ಬೆಂಗಳೂರಿನ ಪ್ರಕರಣದಲ್ಲೇ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಕಾದಿರಿಸಿದ್ದ ನಿವೇಶನವೊಂದನ್ನು ಸರ್ಕಾರದ ಆದೇಶದ ಮೇರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು (ಬಿಡಿಎ) ಖಾಸಗಿ ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್‌ಗೆ ನೀಡಿತು. ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿದರು. ಏಕಸದಸ್ಯ ಪೀಠದಲ್ಲಿ ಅರ್ಜಿ ಬಿದ್ದುಹೋಯಿತು, ವಿಭಾಗೀಯ ಪೀಠದಲ್ಲಿ ಗೆದ್ದಿತು. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಟ್ರಸ್ಟ್‌ನ ಮೇಲ್ಮನವಿಯನ್ನು ವಜಾಗೊಳಿಸಿತು. ಉದ್ಯಾನವನ್ನು ಕಳೆದುಕೊಳ್ಳುವವರು ಅಲ್ಲಿನ ನಿವಾಸಿಗಳೇ ಆದ್ದರಿಂದ ಪ್ರಶ್ನಿಸುವ ಅಧಿಕಾರ ಅವರಿಗಿದೆ, ಯೋಜನೆಯನ್ನು ಉತ್ತಮಪಡಿಸಲು ಕೊಟ್ಟ ಅಧಿಕಾರವನ್ನು ಅದರ ಮೂಲ ಸ್ವರೂಪ ಕೆಡಿಸಲು ಬಳಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದ ಸಹಜವಾಗಿಯೇ ಮುಂದೆ ಬಂದಿತ್ತು. ಉದ್ಯಾನಕ್ಕೆ ಆಸ್ಪತ್ರೆ ಬದಲಿಯಾಗದು ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇಂದಿಗೂ ಬಯಲು ಜಾಗದ ವ್ಯಾಜ್ಯಗಳಲ್ಲಿ ಈ ತೀರ್ಪನ್ನು ಉಲ್ಲೇಖಿಸಲಾಗುತ್ತದೆ.

ಕಾನೂನಿನ ಬಲಕ್ಕೆ ಕೊರತೆಯಿಲ್ಲ. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ವಿಸ್ತೀರ್ಣದ ಕನಿಷ್ಠ ಶೇ 15ರಷ್ಟು ಉದ್ಯಾನ ಮತ್ತು ಮೈದಾನಕ್ಕೆ, ಅದಲ್ಲದೆ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕು. ಉದ್ಯಾನ, ಮೈದಾನ ಮತ್ತು ತೆರೆದ ಪ್ರದೇಶಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಅಂಥ ಜಾಗಗಳ ಪಟ್ಟಿ ತಯಾರಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಪಟ್ಟಿಯಿಂದ ಬಿಟ್ಟುಹೋದ ಜಾಗಕ್ಕೆ ರಕ್ಷಣೆಯೂ ದುರ್ಬಲವಾಗುತ್ತದೆ. ತೊಡಕು ಇರುವುದು ಇಲ್ಲಿಯೇ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ ಕರಡು ಪ್ರಕಟವಾದ ಬಳಿಕ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಕಾಲಾವಕಾಶವಿದೆ. ಕರಡು ಕೈಗೆ ಬರುವ ವೇಳೆಗೆ ಮುಖ್ಯ ತೀರ್ಮಾನಗಳು ಆಗಿರುತ್ತವೆ. ನಾಗರಿಕರಿಗೆ ಉಳಿಯುವುದು ಆಕ್ಷೇಪಣೆಯ ಪಾತ್ರವಷ್ಟೇ. 2031ನೇ ಇಸವಿಯನ್ನು ಗುರಿಯಾಗಿಟ್ಟು 2017ರಲ್ಲಿ ಪ್ರಕಟವಾದ ಬೆಂಗಳೂರಿನ ಕರಡು ಮಹಾಯೋಜನೆಗೆ ಆಕ್ಷೇಪಣೆಗಳು ರಾಶಿ ಬಿದ್ದವು. ಆ ಕರಡನ್ನೇ 2020ರಲ್ಲಿ ಕೈಬಿಡಲಾಯಿತು.

ಯೋಜನೆಯ ಆರಂಭದಲ್ಲೇ ಜನರ ಮಾತು ಕೇಳುವ ವೇದಿಕೆಯೆಂದರೆ ವಾರ್ಡ್ ಸಮಿತಿ. 1992ರ ಸಂವಿಧಾನದ 74ನೇ ತಿದ್ದುಪಡಿ ಇದಕ್ಕೆ ಬುನಾದಿ ಹಾಕಿತು. 2011ರ ರಾಜ್ಯ ತಿದ್ದುಪಡಿಯು ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಹಾಗೂ ನಿವಾಸಿ ಸಂಘಗಳ ಪ್ರತಿನಿಧಿಗಳಿಗೆ ಸ್ಥಾನ ಕಲ್ಪಿಸಿತು. ನಿವಾಸಿ ಸಂಘವೊಂದೇ ಇಡೀ ಸಮುದಾಯವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಸಂಘಗಳಲ್ಲಿ ಸ್ವಂತ ಮನೆಯವರ ದನಿಯೇ ಹೆಚ್ಚು. ಬಾಡಿಗೆದಾರರು, ಮೈದಾನದಂಚಿನಲ್ಲಿ ತರಕಾರಿ ಮಾರುವವರು, ಪಕ್ಕದ ಕೊಳೆಗೇರಿಯ ಮಕ್ಕಳು ಆ ಸಭೆಗಳಿಗೆ ಬರುವುದು ವಿರಳ. ಆಟದ ಬಯಲಿಗೆ ಬೇಲಿ ಹಾಕಿ, ನಡಿಗೆ ಪಥ ನಿರ್ಮಿಸಿ, ಬೆಳಿಗ್ಗೆ ಸಂಜೆ ಮಾತ್ರ ಬಾಗಿಲು ತೆರೆದರೆ ಭೂಮಿಯೇನೋ ಉಳಿಯುತ್ತದೆ. ಅದನ್ನು ಬಳಸುತ್ತಿದ್ದವರು ಹೊರಗುಳಿಯುತ್ತಾರೆ.

ನಿವಾಸಿಗಳು ನಿರ್ವಹಣೆಗೂ ಹೆಗಲು ಕೊಟ್ಟ ನಿದರ್ಶನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ. ಸುತ್ತಲಿನ ಜನ 2010ರಲ್ಲಿ ಟ್ರಸ್ಟ್ ರಚಿಸಿಕೊಂಡರು, ಮರುವರ್ಷ ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಒಡೆತನ ಸರ್ಕಾರದ್ದು, ದಿನನಿತ್ಯದ ಆರೈಕೆ ಸಮುದಾಯದ್ದು ಎಂಬುದು ಈ ಏರ್ಪಾಡಿನ ಸ್ವರೂಪ.

ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವ ಪಡೆದಿವೆ. ವಾರ್ಡ್ ಸಮಿತಿಗಳಿಗೆ ಹೊಸ ವ್ಯವಸ್ಥೆಯಲ್ಲೂ ಅವಕಾಶವಿದೆ. ಈ ನಡುವೆ ಹಳೆಯ ಬಡಾವಣೆಯ ನಿವಾಸಿಗಳು ತುರ್ತಾಗಿ ಪರಿಶೀಲಿಸಬೇಕಾದದ್ದು ಎರಡು ದಾಖಲೆಗಳನ್ನು. ಬಡಾವಣೆಯ ಮೂಲ ಅನುಮೋದಿತ ನಕ್ಷೆ ಮೊದಲನೆಯದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದರ ಪ್ರತಿಯನ್ನು ಕೇಳಬಹುದು. ನಾಗರಿಕ ಸೌಲಭ್ಯ ನಿವೇಶನಗಳ ಗುತ್ತಿಗೆ ಪತ್ರ ಎರಡನೆಯದು. 1989ರ ನಿಯಮಗಳಡಿ ಇವುಗಳನ್ನು 30 ವರ್ಷಗಳ ಅವಧಿಗೆ ನೀಡಲಾಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಹಾಗೆ ನೀಡಿದ ಗುತ್ತಿಗೆಗಳ ಅವಧಿ ಈಗಾಗಲೇ ತೀರಿದೆ. ನವೀಕರಣದ ಹಂತದಲ್ಲಿ ನಿವೇಶನ ಯಾವ ಉದ್ದೇಶಕ್ಕೆ ಮೀಸಲಾಗಿತ್ತು, ಈಗ ಅಲ್ಲಿ ಏನು ನಡೆಯುತ್ತಿದೆ ಎಂದು ಲಿಖಿತವಾಗಿ ಕೇಳಲು ಅವಕಾಶವಿದೆ.