ಒಂದೇ ಟೀಮು, ಮೂರು ಆ್ಯಪ್

ನಮ್ಮಕ್ಕನ ಮಗಳು ಅಮೆರಿಕದ ಕಾಲೇಜೊಂದರಲ್ಲಿ ಸಾಕರ್ ಗೋಲ್‌ಕೀಪರ್. ಸಾಕರ್ ಅಂದ್ರೆ ನಮ್ಮ ಫುಟ್‌ಬಾಲೇ. ಮ್ಯಾಚ್ ನೋಡೋಕೆ ಅಕ್ಕ ಎರಡು ಆ್ಯಪ್‌ಗೆ ದುಡ್ಡು ಕಟ್ತಾಳೆ. ಯಾಕಪ್ಪಾ ಅಂತ ಹುಡುಕ್ತಾ ಹೋದ್ರೆ ಸಿಕ್ಕಿದ್ದು 1984.

ಅಲ್ಲಿವರೆಗೂ ಕಾಲೇಜು ಅಮೆರಿಕನ್ ಫುಟ್‌ಬಾಲಿನ ಟಿವಿ ಪ್ರಸಾರ ಎನ್‌ಸಿಎಎ ಹಿಡಿತದಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನು ಮುರಿಯಿತು. ಕಾಲೇಜುಗಳ ಗುಂಪುಗಳು, ಅಂದ್ರೆ ಕಾನ್ಫರೆನ್ಸ್‌ಗಳು, ತಮ್ಮ ಹಕ್ಕು ತಾವೇ ಮಾರತೊಡಗಿದವು. ದುಡ್ಡೆಲ್ಲ ಆ ಆಟದ್ದು. ಸಾಕರ್ ಅದರ ಬಾಲ ಹಿಡ್ಕೊಂಡು ಬಂತು, ಅಷ್ಟೇ.

ಬಿಗ್ ಟೆನ್ 2007ರಲ್ಲೇ ಸ್ವಂತ ಚಾನೆಲ್ ಮಾಡಿತು. 2018ರಲ್ಲಿ ಇಎಸ್‌ಪಿಎನ್ ಪ್ಲಸ್ ಬಂದಾಗ ತಿಂಗಳಿಗೆ 4.99 ಡಾಲರ್, 2024ರಲ್ಲಿ 11.99. ಸಾಮಾನ್ಯವಾಗಿ ಯಾರ ಮೈದಾನವೋ ಅವರ ಆ್ಯಪ್.

ಈ ಭಾನುವಾರ ಮ್ಯಾಚ್ ಬೇರೆ ಕಾನ್ಫರೆನ್ಸಿನವರ ಊರಲ್ಲಿ. ಅಕ್ಕ ಮೂರನೇದನ್ನೂ ಹಾಕಿಸ್ಕೊಂಡಳು.